ಸೋಪಿಗೆ ಹೋದ ಹಾಡು

ನಮ್ಮೂರಿನಲ್ಲಿ ನೆಗಡಿಯಾದವನು ಹಾಡು ಕೇಳಲು ಹೋಗುವುದಿಲ್ಲ. ಹೋದರೂ ಏನು ಬಂತು? ಅರ್ಧ ಹಾಡು ಮೂಗಿನ ಹೊರಗೇ ನಿಂತುಬಿಡುತ್ತದೆ. ಕಾರ್ಯಕ್ರಮದ ದಿನ ಮನೆಮನೆಯಲ್ಲೂ ಬಿಸಿನೀರಿನ ಪಾತ್ರೆ ಇಟ್ಟು, ತಲೆಯ ಮೇಲೆ ಟವೆಲ್ ಹೊದ್ದು, ಆವಿ ತಗೊಂಡು, ಮೂಗು ಸ್ವಚ್ಛ ಮಾಡಿಕೊಂಡೇ ಹೊರಡುವುದು. ಟೌನ್ ಹಾಲಿನ ಬಾಗಿಲಲ್ಲಿ ಮುದುಕರ ನಶ್ಯದ ಡಬ್ಬಿ ಕಸಿದುಕೊಳ್ಳುತ್ತಾರೆ. ಹೆಣ್ಣುಮಕ್ಕಳು ಅವತ್ತು ಮಲ್ಲಿಗೆ ಮುಡಿಯುವುದಿಲ್ಲ. ನಮ್ಮ ಹಾಡುಗಳಿಗೆ ವಾಸನೆ ಇದೆ, ಅಷ್ಟೆ. ಹೊರಗಿನವರು ಬಂದು ಅದು ಹೇಗೆ, ಯಾಕೆ ಅಂತ ಕೇಳಿದರೆ ನಮಗೆ ಸಿಟ್ಟು ಬರುತ್ತದೆ. ನಿಮ್ಮೂರ ಹಾಡಿಗೆ ಯಾಕಿಲ್ಲ ಅಂತ ನಾವೇನು ಕೇಳಿದ್ದೇವೆಯೇ?

ಹಾಡು ಯಾರ ನಡುವೆ ಹುಟ್ಟಿತೋ ಅವರ ವಾಸನೆ ಅದಕ್ಕೆ. ನಮ್ಮವ್ವ ಹಾಡುತ್ತಿದ್ದ ಜೋಗುಳಕ್ಕೆ ಹರಳೆಣ್ಣೆಯ ವಾಸನೆ, ಈಗ ನನ್ನ ಮೊಮ್ಮಗಳು ಅದನ್ನು ತಪ್ಪುತಪ್ಪಾಗಿ ಗುನುಗಿದರೂ ಹರಳೆಣ್ಣೆಯೇ. ಆದರೆ ಹಾಡನ್ನು ಬೇರೆ ಯಾವುದಕ್ಕಾದರೂ ಒಪ್ಪಿಸಿ ಹಾಡಿದರೆ ಹಳೆಯದು ಹೋಗಿ ಹೊಸ ವಾಸನೆ ಕೂರುತ್ತದೆ, ಕೂತದ್ದು ಮತ್ತೆ ಏಳುವುದಿಲ್ಲ. ನಾನು ಹರೆಯದವನಿದ್ದಾಗ ದತ್ತೋಪಂತರೆಂಬ ಭಜನೆಯವರು ತಮ್ಮದೊಂದು ಭಜನೆಯನ್ನು ಬೀಡಿ ಕಂಪನಿಗೆ ಕೊಟ್ಟುಬಿಟ್ಟರು. ಇವತ್ತಿಗೂ ಏಕಾದಶಿಯ ದಿನ ಆ ಭಜನೆ ಶುರುವಾದರೆ ಗುಡಿಯಲ್ಲಿ ಅರ್ಧ ಜನ ಕೆಮ್ಮುತ್ತಾರೆ, ಇನ್ನರ್ಧ ಜನ ಕಿಸೆ ಮುಟ್ಟಿ ನೋಡಿಕೊಳ್ಳುತ್ತಾರೆ.

ಆ ದತ್ತೋಪಂತರ ಮೇಲೆ ತುಂಬಿದ ಸಭೆಯಲ್ಲಿ ಬೀಡಿ ಕಟ್ಟು ಎಸೆದವನು ನಮ್ಮ ಇನಾಸ. ಮೈಕು ಹಿಡಿದು, "ಹಾಡು ಮಾರೋ ಬಾಯಿಗೆ ಇದನ್ನ ಇಟಗೋರಿ ಅಜ್ಜಾರ" ಅಂದಿದ್ದ. ಊರಿನ ಹುಡುಗರೆಲ್ಲ ಎದ್ದು ಸಿಳ್ಳೆ ಹೊಡೆದಿದ್ದರು. ಪಾಪ, ಆ ಮುದುಕರು ಕಟ್ಟನ್ನು ಎತ್ತಿಕೊಂಡು, ಧೂಳು ಒರೆಸಿ, ಕೋಟಿನ ಕಿಸೆಯಲ್ಲಿಟ್ಟುಕೊಂಡು ಹೋಗಿದ್ದರು. ನಮಗೆ ಆಗ ಏನು ತಿಳಿಯುತ್ತಿತ್ತು, ಮಣ್ಣು. ಇನಾಸನಿಗೆ ಬೆನ್ನತನಕ ಕೂದಲು, ಕೊರಳಲ್ಲಿ ಗಿಟಾರು, ದನಿಯೋ, ಕಲ್ಲಿನ ಗಣಿಯಲ್ಲಿ ಮದ್ದು ಸಿಡಿದ ಹಾಗೆ. ನಾನು ಅಡಿವೆಪ್ಪ, ಹಗಲು ಹತ್ತಿ ಬಿಡಿಸುವ ಜಿನ್ನಿನ ಕಾರ್ಖಾನೆಯಲ್ಲಿ ಕೆಲಸ, ಸಂಜೆ ಬೇಸ್ ಗಿಟಾರು. ಡ್ರಮ್ಸಿಗೆ ಸೈಕಲ್ ಅಂಗಡಿಯ ಮುನೀರ. ಮೂರೇ ಜನ. ಹೆಸರು ಗುಡುಗು ಕಂಪನಿ. ರಾಕ್ ಅನ್ನುವ ಮಾತು ಬಾಯಿಗೆ ಹತ್ತದ ಹಿರಿಯರು 'ಜಿನ್ನಿನ ಗದ್ದಲ' ಅನ್ನುತ್ತಿದ್ದರು, ಅಂದುಕೊಂಡೇ ಬಂದು ಕೂರುತ್ತಿದ್ದರು.

ನಮ್ಮ ಹಾಡುಗಳಲ್ಲೆಲ್ಲ ಊರು ಎದೆಗಪ್ಪಿಕೊಂಡದ್ದು 'ಇನ್ನೊಂದು ಸ್ವಲ್ಪ ದೂರ'. ಊರ ಗಡಿ ದಾಟಿ ಸೈಕಲ್ ತುಳಿಯುತ್ತ ಹೋಗುವ ಗೆಳೆಯರ ಹಾಡು. ಜಿನ್ನಿನ ಖಾಲಿ ಗೋದಾಮಿನಲ್ಲಿ ಅದು ಹುಟ್ಟಿದ ದಿನ ಮೂವರೂ ಇದ್ದೆವು, ಆದರೆ ಹಾಡಿಗೆ ಹತ್ತಿದ್ದು ಮುನೀರನೊಬ್ಬನ ವಾಸನೆ. ಪಂಕ್ಚರ್ ಹಚ್ಚುವ ಸೊಲ್ಯೂಷನ್ನು, ಆತ ಸದಾ ದವಡೆಗಿಟ್ಟುಕೊಳ್ಳುತ್ತಿದ್ದ ಲವಂಗ, ಮತ್ತು ಬೆವರು. ಬೆವರೆಂದರೆ ಹೊಲಸಲ್ಲ, ಬಿಸಿಲಲ್ಲಿ ಒಣಗಿದ ಅಂಗಿಯನ್ನು ಆಗಷ್ಟೇ ಮೈಗೆ ಹಾಕಿಕೊಂಡವನ ಬೆವರು. ನಮ್ಮಿಬ್ಬರ ವಾಸನೆ ಎಲ್ಲಿ ಹೋಯಿತೋ ದೇವರೇ ಬಲ್ಲ. ಇನಾಸ ಇದನ್ನು ಹೇಳಿ ಎಷ್ಟೋ ವರ್ಷ ಮುನೀರನನ್ನು ಕಾಡಿದ. "ಬರದಾವ ನಾ, ಹಾಡಾವ ನಾ, ಮೂಸಿದ್ರ ನೀನು!"

ಮುನೀರ ಹೋಗಿ ಹದಿನೆಂಟು ವರ್ಷವಾಯಿತು. ಅಂಗಡಿಯ ಮುಂದೆ ಟ್ಯೂಬಿಗೆ ಗಾಳಿ ಹೊಡೆಯುತ್ತಿದ್ದವನು ಹಾಗೇ ಪಂಪಿನ ಮೇಲೆ ಬಾಗಿದ. ಆತನ ಹೆಂಡತಿ ಜುಲೇಖಾ ಅವತ್ತು ಅಳಲಿಲ್ಲ. ಮಣ್ಣು ಮಾಡಿ ಬಂದ ಮೂರನೆಯ ದಿನವೇ ಅಂಗಡಿಯ ಬಾಗಿಲು ತೆಗೆದು, ಸೆರಗು ಸಿಕ್ಕಿಸಿ, ತಾನೇ ಪಂಕ್ಚರ್ ತೆಗೆಯಲು ಕೂತಳು. ನಾವು ಬೇರೆ ಡ್ರಮ್ಮರನನ್ನು ತರಲಿಲ್ಲ, ಮನಸ್ಸಾಗಲಿಲ್ಲ. ವರ್ಷಕ್ಕೊಂದೋ ಎರಡೋ ಕಾರ್ಯಕ್ರಮ, ಇಬ್ಬರೇ ಬಾರಿಸುತ್ತಿದ್ದೆವು. ಪ್ರತಿ ಸಲವೂ ಜುಲೇಖಾ ಬಂದು ಮುಂದಿನ ಸಾಲಿನ ಎಡತುದಿಯ ಕುರ್ಚಿಯಲ್ಲಿ ಕೂರುತ್ತಿದ್ದಳು. 'ಇನ್ನೊಂದು ಸ್ವಲ್ಪ ದೂರ' ಶುರುವಾದಾಗ ಕಣ್ಣು ಮುಚ್ಚುತ್ತಿದ್ದಳು. ಸೊಲ್ಯೂಷನ್ನು, ಲವಂಗ, ಬೆವರು ಹಾಲಿನ ತುಂಬ ಹರಡುತ್ತಿತ್ತು. ಹಿಂದೆ ಕೂತ ಹೆಂಗಸರು, "ನೋಡವ್ವ, ಗಂಡನ್ನ ಮೂಸಾಕ ಬಂದಾಳ" ಅಂತ ಕಣ್ಣೊರೆಸಿಕೊಳ್ಳುತ್ತಿದ್ದರು.

ಹೀಗಿರುವಾಗ ಒಂದು ಮುಂಜಾನೆ ಇನಾಸ ನಮ್ಮ ಮನೆಗೆ ಬಂದ. ಈಗ ಆತನ ಕೂದಲು ತಲೆಯ ಹಿಂದೆ ಒಂದು ರಬ್ಬರ್ ಬ್ಯಾಂಡಿಗೆ ಸಾಲದಷ್ಟು. ಮಕ್ಕಳಿಗೆ ಕೀಬೋರ್ಡ್ ಕಲಿಸಿ ಬದುಕುತ್ತಿದ್ದ, ಹೆಂಡತಿ ಮಕ್ಕಳಿಲ್ಲ. ಕಟ್ಟೆಯ ಮೇಲೆ ಕೂತು ಚಪ್ಪಲಿಯಿಂದ ನೆಲ ಕೆರೆಯತೊಡಗಿದಾಗಲೇ ನನಗೆ ಗೊತ್ತಾಯಿತು, ಏನೋ ಭಾನಗಡಿ ತಂದಿದ್ದಾನೆ ಅಂತ.

"ಅಡಿವ್ಯಾ, ಒಂದು ಮಾತು ಹೇಳ್ತೀನಿ. ಸಿಟ್ಟಾಗಬ್ಯಾಡ."

"ಸಿಟ್ಟಾಗೋ ಮಾತಿದ್ರ ಆಗಾವನ."

"ಬಟ್ಟಿ ತೊಳಿಯೋ ಸೋಪಿನ ಕಂಪನಿಯವ್ರು ಬಂದಿದ್ರು. 'ಇನ್ನೊಂದು ಸ್ವಲ್ಪ ದೂರ' ಕೇಳ್ಯಾರ."

ನಾನು ಚಹದ ಬಸಿ ಕೆಳಗಿಟ್ಟೆ. "ದತ್ತೋಪಂತರಿಗೆ ಬೀಡಿ ಕಟ್ಟು ಒಗದಿದ್ದೆಲ್ಲಪಾ, ಆ ಕೈ ಯಾವುದು? ಬಲದ್ದೋ ಎಡದ್ದೋ?"

"ಆವಾಗ ಊರಿಗೂರ ನನ್ನ ಬೆನ್ನಿಗಿತ್ತು," ಅಂದ ಇನಾಸ. "ಹೊಟ್ಟಿ ತುಂಬಿದಾವ ಉಪಾಸದ ಮ್ಯಾಲೆ ಭಾಷಣ ಮಾಡಿದಂಗ ಮಾಡಿದೆ. ಮೊನ್ನಿ ಸಾಲಿ ಮುಂದ ನಿಂತು ಹುಡುಗೂರನ್ನ ಕೇಳಿದೆ, 'ಇನ್ನೊಂದು ಸ್ವಲ್ಪ ದೂರ' ಗೊತ್ತೈತೇನ್ರೋ ಅಂತ. ಒಬ್ಬಾಂವ, ಬಸ್ ಸ್ಟ್ಯಾಂಡಿಗೆ ಹೋಗ್ತೀರೇನಜ್ಜಾ, ಹಂಗ ಸೀದಾ ಹೋಗ್ರಿ, ಅಂದ." ಆತ ನಕ್ಕ, ನಾನೂ ನಕ್ಕೆ. ಆಮೇಲೆ ಇಬ್ಬರಿಗೂ ನಗು ನಿಂತುಹೋಯಿತು. "ರೊಕ್ಕದ ಸಲುವಾಗಿ ಅಲ್ಲೋ ಮಾರಾಯಾ. ನಂಗ ಯಾರಿದ್ದಾರ, ಯಾರಿಗೆ ಇಟ್ಟು ಹೋಗ್ಲಿ? ಒಂದ ಸಲ, ಸಾಯೂದ್ರಾಗ ಇನ್ನೊಂದ ಸಲ, ನಾ ಓಣ್ಯಾಗ ಹೊಂಟಾಗ ಯಾರದರೆ ಮನಿಯೊಳಗಿಂದ ನನ್ನ ಹಾಡು ಕೇಳಬೇಕು. ಅಷ್ಟ."

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುತ್ತಾರೆ. ಇನಾಸನಿಗೆ ಹಲ್ಲಿದ್ದಾಗ ಕಡಲೆಯೂ ಇತ್ತು, ಅದೇ ಕೆಟ್ಟದ್ದಾಯಿತು, ರುಚಿ ಗೊತ್ತಾಗಿಬಿಟ್ಟಿತ್ತು. ನನಗೆ ಬೈಯಲು ಬಾಯಿ ಬರಲಿಲ್ಲ. ಆದರೆ ಒಳಗಿನಿಂದ ನನ್ನ ಹೆಂಡತಿ ನೀಲವ್ವ ಕೇಳಿಯೇಬಿಟ್ಟಳು: "ಎಲ್ಲಾ ಖರೆ, ಜುಲೇಖಾಗ ಏನ ಹೇಳ್ತೀರಿ? ಆಕಿ ಕಡೆ ಮುನೀರಣ್ಣಂದು ಉಳದದ್ದು ಅದೊಂದ ಅಲ್ಲೇನು?"

ಅದೇ ಮಾತು. ನಮ್ಮಲ್ಲಿ ಒಂದು ಪದ್ಧತಿ ಇದೆ. ಹಾಡನ್ನು ಬೇರೆಯದಕ್ಕೆ ಒಪ್ಪಿಸುವ ಮುಂಚೆ ಅದರಲ್ಲಿ ಯಾರ ವಾಸನೆ ಇದೆಯೋ ಅವರನ್ನು, ಅವರಿಲ್ಲದಿದ್ದರೆ ಅವರ ಮನೆಯವರನ್ನು ಕೇಳಬೇಕು. ಅವರ ಮನೆಗೇ ಹೋಗಿ ಕೊನೆಯ ಸಲ ಹಾಡಬೇಕು. ಒಪ್ಪಿಗೆಯಿದ್ದರೆ ಒಂದು ಚಿಟಿಕೆ ಉಪ್ಪು ಕೊಡುತ್ತಾರೆ, ಇಲ್ಲವಾದರೆ ಒಂದು ಲೋಟ ನೀರು ಕೊಟ್ಟು ಕಳಿಸುತ್ತಾರೆ. ಆ ಉಪ್ಪು ನಾಲಗೆಗೆ ಹಾಕಿಕೊಳ್ಳದೆ ನೂರು ಸಲ ಹಾಡಿದರೂ ಹೊಸ ವಾಸನೆ ಹತ್ತುವುದಿಲ್ಲ. ಇನಾಸ ನೆಲ ನೋಡುತ್ತ, "ನೀನೂ ಬಾರಲೇ, ಒಬ್ಬಾವಗ ಕಾಲು ಏಳವಲ್ವು" ಅಂದ. ನೀರು ಕೊಡುತ್ತಾಳೆ, ಕುಡಿದು ಬರೋಣ, ಇವನ ಹುಚ್ಚು ಇಳಿಯಲಿ ಅಂದುಕೊಂಡು ನಾನು ಹೊರಟೆ.

ಜುಲೇಖಾ ನಮ್ಮನ್ನು ಗಿಟಾರಿನ ಸಮೇತ ನೋಡಿದ ಕೂಡಲೇ ಅರ್ಥ ಮಾಡಿಕೊಂಡಳು. ಕೈಯಲ್ಲಿದ್ದ ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಬಿಟ್ಟು, ಅಂಗಡಿಯ ಹಿಂದಿನ ಮನೆಗೆ ಕರೆದೊಯ್ದು ಚಾಪೆ ಹಾಸಿದಳು. "ಯಾವುದಕ್ಕಣ್ಣಾ?" ಅಂತ ಮಾತ್ರ ಕೇಳಿದಳು. ಇನಾಸ ಸೋಪು ಅಂದ. "ಒಳ್ಳೇದಾತು, ಬೀಡಿ ಅಲ್ಲಲ್ಲ" ಅಂತ ನಕ್ಕಳು.

ಹಾಡಿದೆವು. ಸಣ್ಣ ಕೋಣೆ, ಮುನೀರ ಪಕ್ಕದಲ್ಲೇ ತೊಡೆಗೆ ತೊಡೆ ತಾಗಿಸಿ ಕೂತಿದ್ದಾನೋ ಎಂಬಷ್ಟು ದಟ್ಟವಾಗಿ ವಾಸನೆ ಬಂತು. ನಾನು ತಲೆ ಎತ್ತಲಿಲ್ಲ. ಮುಗಿದ ಮೇಲೆ ನೋಡಿದರೆ ಜುಲೇಖಾ ಎದ್ದು ಒಲೆಯ ಕಡೆ ಹೋಗಿದ್ದಳು. ತಿರುಗಿ ಬಂದಾಗ ಅಂಗೈಯಲ್ಲಿ ಉಪ್ಪಿತ್ತು.

"ತಗೋರಿ," ಅಂದಳು, "ವಾಸನಿ ಒಯ್ಯಿರಿ. ನಂಗ ಅದು ಬರಂಗೂ ಇಲ್ಲ."

ನಮಗೆ ತಿಳಿಯಲಿಲ್ಲ. ಆಕೆ ಕೂತು, ದನಿ ಇಳಿಸಿ ಹೇಳಿದಳು. ಮುನೀರ ಹೋದ ಮರುವರ್ಷ ಆಕೆಗೆ ದೊಡ್ಡ ಜ್ವರ ಬಂದಿತ್ತಲ್ಲ, ಆವಾಗಲೇ ಮೂಗು ಹೋಯಿತಂತೆ. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ನಮ್ಮೂರಿನಲ್ಲಿ ಮೂಗು ಸತ್ತವರನ್ನು ಎಲ್ಲಿ ಕೂರಿಸುತ್ತಾರೆ ಅಂತ ನಿಮಗೇನು ಗೊತ್ತು? ಬಾಗಿಲ ಹತ್ತಿರ, ಚಪ್ಪಲಿಗಳ ಪಕ್ಕ. 'ಇವರಿಗ್ಯಾಕ್ರಿ ಹಾಡು' ಅನ್ನುತ್ತಾರೆ, ಮುಖದ ಮುಂದೆಯೇ.

"ಹಂಗಾರ ಇಷ್ಟ ವರ್ಷ ಯಾಕ ಬರ್ತಿದ್ದಿ ತಂಗಿ?" ಅಂದ ಇನಾಸ.

"ಮೂರನೇ ನುಡಿಗೆ."

"ಮೂರನೇ ನುಡ್ಯಾಗ ಏನೈತಿ?"

ಆಕೆ ನಮ್ಮಿಬ್ಬರನ್ನೂ ಪಿಳಿಪಿಳಿ ನೋಡಿದಳು, ನಾವು ತಮಾಷೆ ಮಾಡುತ್ತಿದ್ದೇವೆ ಅಂದುಕೊಂಡಳೋ ಏನೋ. "ಗೊತ್ತಿಲ್ಲೇನ ನಿಮಗ? ಎರಡನೇ ನುಡಿ ಮುಗದ ಕೂಡಲೇ ಅಂವ ಕೈ ಬೆವರು ಒರಸಗೋತಿದ್ದ, ಕೊಳ್ಳಾಗಿನ ಟವೆಲ್‌ಗೆ. ಮೂರನೇದಕ್ಕ ಯಾವಾಗ್ಲೂ ತಡಾ ಮಾಡಾವ. ನೀವಿಬ್ಬರೂ ಅವನ್ನ ಕಾಯ್ತಿದ್ರಿ. ಒಂದ ಉಸಿರು. ಅಂವ ಬಂದು ಧಡ್ ಅಂತ ಹೊಡದ ಮ್ಯಾಲೇನ ನೀವು ಮುಂದ ಹೋಗೂದು." ಆಕೆ ಕೈಯ ಉಪ್ಪನ್ನೇ ನೋಡುತ್ತ ಅಂದಳು, "ಇವತ್ತಿಗೂ ಕಾಯ್ತೀರಿ ಅಣ್ಣಾ. ಈಗೂ ಕಾಯ್ದ್ರಿ. ಅಷ್ಟೊತ್ತು ನಂಗ ಅಂವ ಅಲ್ಲೇ ಇದ್ದಂಗ, ಕೈ ಒರಸಗೊಂಡು ಇನ್ನೇನ ಬಂದ ಅನಸ್ತದ."

ಹದಿನೆಂಟು ವರ್ಷ ನನ್ನ ಬೆರಳು ಏನು ಮಾಡುತ್ತಿದೆ ಅಂತ ನನಗೇ ಗೊತ್ತಿರಲಿಲ್ಲ. ಇನಾಸನಿಗೂ ಗೊತ್ತಿರಲಿಲ್ಲ. ಊರೆಲ್ಲ ಮೂಗು ತೊಳೆದುಕೊಂಡು ಬಂದು ಕೂರುತ್ತಿತ್ತು, ಒಂದು ಕಿವಿಗಾದರೂ ಅದು ಬಿದ್ದಿರಲಿಲ್ಲ. ಹಾಡೆಂದರೆ ವಾಸನೆ ಅಂದುಕೊಂಡೇ ಬದುಕಿದ ಮಂದಿ ನಾವು.

"ಸೋಪಿಗೆ ಕೊಡ್ರಿ, ಸಗಣಿಗೆ ಕೊಡ್ರಿ," ಅಂದಳು ಜುಲೇಖಾ. "ಆ ಕಾಯೂದೊಂದು ತೆಗೀಬ್ಯಾಡ್ರಿ."

ಇನಾಸ ಎದೆಯ ಮೇಲಿನ ಶಿಲುಬೆ ಮುಟ್ಟಿ, "ನನ್ನವ್ವನಾಣಿ, ತೆಗಿಯೂದಿಲ್ಲ" ಅಂದ. ಇಬ್ಬರೂ ಉಪ್ಪು ನಾಲಗೆಗೆ ಹಾಕಿಕೊಂಡೆವು. ಹೊರಗೆ ಬಂದಾಗ ನನಗೆ ಒಂದು ಭಾರ ಇಳಿದ ಹಾಗಿತ್ತು. ವಾಸನೆ ತಾನೇ, ಹೋದರೆ ಹೋಗಲಿ, ಕಾಯುವುದು ನಮ್ಮ ಕೈಯಲ್ಲಿದೆಯಲ್ಲ ಅಂದುಕೊಂಡೆ.

ಹಾಡನ್ನು ಯಂತ್ರಕ್ಕೆ ತುಂಬಿಕೊಳ್ಳಲು ಕಂಪನಿಯವರು ಬಾಗಿಲು ಮುಚ್ಚಿದ ಹಳೆಯ ಟಾಕೀಜನ್ನು ಹಿಡಿದಿದ್ದರು. ಕಂಪನಿಯ ಪರವಾಗಿ ಬಂದವನು ಸುಧನ್ವ ಅನ್ನುವ ಹುಡುಗ. ಕೆಟ್ಟವನು ಅಂತ ಹೇಳಿದರೆ ನನ್ನ ನಾಲಗೆಗೆ ಹುಳ ಬೀಳಲಿ. ನಮ್ಮ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಅವರಪ್ಪ ನಮ್ಮ ಕ್ಯಾಸೆಟ್ಟು ಹಾಕಿಕೊಂಡು ಲಾರಿ ಓಡಿಸುತ್ತಿದ್ದರಂತೆ. "ಹಾಡಿನ ಜೊತೆ ನಿಂಬೆಹಣ್ಣಿನ ವಾಸನೆ ಬಂದ್ರೆ ಬೇರೆ ಜಾಹೀರಾತೇ ಬೇಡ ಸರ್" ಅಂತ ಕಣ್ಣರಳಿಸಿದ. ವೇದಿಕೆಯ ಮೇಲೆ ಸೋಪಿನ ಬಿಲ್ಲೆಗಳನ್ನು ಗೋಪುರದ ಹಾಗೆ ಪೇರಿಸಿದ್ದರು. ಹಳದಿ, ಘಮಘಮ, ಸುಳ್ಳು ಯಾಕೆ ಹೇಳಲಿ, ಒಳ್ಳೆಯ ವಾಸನೆಯೇ.

ಮೊದಲ ಸಲ ಬಾರಿಸಿ ಮುಗಿಸಿದಾಗ ಯಂತ್ರದ ಮುಂದೆ ಕೂತಿದ್ದವನು ಸುಧನ್ವನ ಕಿವಿಯಲ್ಲಿ ಏನೋ ಹೇಳಿದ. ಸುಧನ್ವ ಬಂದು, "ಸರ್, ಎರಡನೇ ಚರಣ ಆದ್ಮೇಲೆ ಸ್ವಲ್ಪ ಖಾಲಿ ಬರ್ತಿದೆ. ಅಲ್ಲಿ ಲಯ ಬೀಳುತ್ತೆ" ಅಂದ.

"ಅದು ಹಂಗ ಇರೂದು," ಅಂದ ಇನಾಸ.

"ಗೊತ್ತು ಸರ್, ನಿಮ್ಮ ಹಾಡು. ಆದ್ರೆ ಅದೇ ಜಾಗದಲ್ಲಿ ಸೋಪು ನೀರಿಗೆ ಬೀಳೋದು ತೋರಿಸ್ತೀವಿ. ತಾಳ ನಿಂತ್ರೆ ನೋಡೋರು ಟೀವಿ ಕೆಟ್ಟೋಯ್ತು ಅಂದ್ಕೋತಾರೆ."

ಇನಾಸ ಗಿಟಾರನ್ನು ಕೆಳಗಿಟ್ಟ. ನಾನು ನನ್ನದನ್ನೂ ಇಟ್ಟೆ. ಹೊರಗೆ ಹೋಗಿ ಟಿಕೆಟ್ ಕಿಟಕಿಯ ಕಟ್ಟೆಯ ಮೇಲೆ ಕೂತೆವು. ನಾನು, "ಮನಿಗೆ ಹೋಗೂಣು ನಡಿ" ಅಂದೆ. ಬೀದಿಯಲ್ಲಿ ಹೂವು ಮಾರುವವಳು ಯಾವುದೋ ಸಿನಿಮಾ ಹಾಡು ಗುನುಗುತ್ತ ಹೋದಳು, ಇನಾಸನ ಕಣ್ಣು ಅವಳ ಹಿಂದೆಯೇ ತಿರುವಿನ ತನಕ ಹೋಯಿತು. ಆ ನೋಟವನ್ನು ನಾನು ನೋಡದೇ ಇದ್ದಿದ್ದರೆ ಚೆನ್ನಾಗಿತ್ತು. ಹಸಿದ ಮಗು ಇನ್ನೊಬ್ಬರ ತಟ್ಟೆ ನೋಡುವ ನೋಟ ಅದು.

"ಹಿಂಗ ಮಾಡೂಣು," ಅಂದ ಕೊನೆಗೆ. "ಇವ್ರಿಗೆ ಬೇಕಾದಂಗ ಬಾರಿಸಿ ಕೊಡೂಣು. ಅದು ಟೀವಿಯೊಳಗಿಂದು, ಮಷೀನಿಂದು. ನಾವು ಊರಾಗ ಬಾರಸೂ ಮುಂದ ನಮ್ಮಂಗ ಬಾರಸೂಣು. ನಮ್ಮ ಕೈ ಯಾರರೆ ಕಸಗೋತಾರೇನು?"

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನನಗೂ ಅದು ಸರಿ ಅನ್ನಿಸಿತು. ಅನ್ನಿಸಿತು ಅಂದರೆ, ಸರಿ ಅಂದುಕೊಳ್ಳಲು ನಾನೇ ತಯಾರಿದ್ದೆ. ಇವನ ಆ ಮುಖ ಇನ್ನೊಂದು ಸಲ ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಒಳಗೆ ಹೋದೆವು. ಕಿವಿಗೆ ಏನೋ ಸಿಕ್ಕಿಸಿದರು, ಅದರಲ್ಲಿ ಟಿಕ್ ಟಿಕ್ ಅನ್ನುವ ಸದ್ದು. ಆ ಸದ್ದಿಗೆ ಸರಿಯಾಗಿ ಬಾರಿಸಬೇಕು. ಮೂರನೆಯ ನುಡಿಯ ಹತ್ತಿರ ಬಂದಾಗಲೆಲ್ಲ ನಮ್ಮ ಬೆರಳು ನಿಂತುಬಿಡುತ್ತಿತ್ತು, ಟಿಕ್ ಟಿಕ್ ಮುಂದೆ ಹೋಗುತ್ತಿತ್ತು. "ಇನ್ನೊಂದ್ಸಲ ಸರ್." ಮತ್ತೆ ನಿಲ್ಲುವುದು, ಮತ್ತೆ ಇನ್ನೊಂದು ಸಲ. ಊಟದ ಹೊತ್ತಿಗೆ ಇನಾಸನ ಅಂಗಿ ಬೆನ್ನಿಗಂಟಿತ್ತು. ಸಂಜೆಯಾಗುವಷ್ಟರಲ್ಲಿ ಬೆರಳು ದಾರಿಗೆ ಬಂದವು. ಎರಡನೆಯದರಿಂದ ಮೂರನೆಯದಕ್ಕೆ ನೀರು ಹರಿದ ಹಾಗೆ ಹೋದೆವು. ಆಗಲೇ ಟಾಕೀಜಿನ ತುಂಬ ನಿಂಬೆಯ ವಾಸನೆ ಎದ್ದಿತು. ಸೊಲ್ಯೂಷನ್ನಿಲ್ಲ, ಲವಂಗವಿಲ್ಲ. ಸುಧನ್ವ ಚಪ್ಪಾಳೆ ತಟ್ಟಿದ. ಇನಾಸ ಮೂಗಿಗೆ ಕರವಸ್ತ್ರ ಹಿಡಿದು ತುಂಬ ಹೊತ್ತು ಸೀನಿದ. ಸೀನಿದನೋ ಅತ್ತನೋ ನಾನು ಕೇಳಲಿಲ್ಲ.

ಆಮೇಲಿನ ಕತೆ ಕೇಳಬೇಡಿ. ಟೀವಿಯಲ್ಲಿ ಸಂಜೆಯ ಸುದ್ದಿಗೆ ಮುಂಚೆ 'ಇನ್ನೊಂದು ಸ್ವಲ್ಪ ದೂರ' ಬರತೊಡಗಿದ್ದೇ ತಡ, ಊರಿಗೆ ಊರೇ ನಿಂಬೆಯ ವಾಸನೆ. ಹೆಂಗಸರು ಬಟ್ಟೆ ಒಗೆಯುತ್ತ ಹಾಡಿದರು. ಹುಡುಗರು ಸೈಕಲ್ ತುಳಿಯುತ್ತ ಹಾಡಿದರು. ಇನಾಸನಿಗೆ ಸೋಪಜ್ಜ ಅಂತ ಹೆಸರು ಬಿತ್ತು, ಅದಕ್ಕೂ ಹಿಗ್ಗಿದ. ಕೆಲಸವಿಲ್ಲದೆ ಓಣಿ ಓಣಿ ಅಲೆಯುತ್ತಿದ್ದ. ಯಾರದಾದರೂ ಕಿಟಕಿಯಿಂದ ತನ್ನ ದನಿ ಕೇಳಿಸಿದರೆ ಅಲ್ಲೇ ನಿಂತು, ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುವ ನೆವದಲ್ಲಿ ಬಗ್ಗಿ, ಪೂರ್ತಿ ಕೇಳಿಯೇ ಮುಂದೆ ಹೋಗುತ್ತಿದ್ದ. ನೀಲವ್ವ ನೋಡಿ, "ಇನಾಸಣ್ಣನ ಮಾರಿ ಮ್ಯಾಲೆ ಕಳಿ ಬಂದೈತಿ ನೋಡ್ರಿ" ಅಂದಳು. ಬಂದಿತ್ತು, ನಿಜ. ಬೈಯುವವರು ಬೈದರು. ಕಾಲೇಜಿನ ಗಿಟಾರಿನ ಹುಡುಗನೊಬ್ಬ ಚಹದಂಗಡಿಯಲ್ಲಿ ನಮ್ಮ ಮುಂದೆಯೇ, "ಅಜ್ಜಾರ, ನಿಮ್ಮ ಹಾಡು ಮಾರಕೊಂಡ್ರಲ್ರಿ, ನಾಚಿಗಿ ಬರಲಿಲ್ಲೇನ್ರಿ?" ಅಂದ. ಇನಾಸ ಸಿಟ್ಟಾಗಲಿಲ್ಲ. "ಮಾರಿದೆ ನೋಡಪಾ. ಮಾರದ ಇಟಗೊಂಡು ಕುಂತಾಗ ನೀ ಎಂದರೆ ಬಂದು ಕೇಳಿದ್ಯಾ?" ಅಂದ. ಹುಡುಗ ಲೋಟ ಇಟ್ಟು ಎದ್ದುಹೋದ. ಆ ಹುಡುಗನದ್ದು ತಪ್ಪಾ, ಇವನದ್ದು ಸರಿಯಾ, ನನ್ನನ್ನು ಕೇಳಬೇಡಿ. ನನಗಂತೂ ಇಬ್ಬರನ್ನೂ ನೋಡಿ ಸಂಕಟವಾಯಿತು.

ಊರವರ ಒತ್ತಾಯಕ್ಕೆ ಟೌನ್ ಹಾಲಿನಲ್ಲಿ ಕಾರ್ಯಕ್ರಮ ಇಟ್ಟರು. ಎಷ್ಟೋ ವರ್ಷದ ಮೇಲೆ ಕುರ್ಚಿ ಸಾಲದೆ ಜನ ಗೋಡೆಗೆ ಆನಿಕೊಂಡು ನಿಂತಿದ್ದರು. ಹೋಗುವ ಮುಂಚೆ ಇನಾಸ ನನ್ನ ಕೈ ಹಿಡಿದು, "ಮೂರನೇ ನುಡಿ, ನೆನಪಿರ್ಲಿ" ಅಂದ. "ನಂಗ ಹೇಳಬೇಕೇನು?" ಅಂದೆ. ಮುಂದಿನ ಸಾಲಿನ ಎಡತುದಿಯಲ್ಲಿ ಜುಲೇಖಾ ಕೂತಿದ್ದಳು. ಹೊಸ ಸೀರೆ ಉಟ್ಟಿದ್ದಳು. ಅವಳ ಪಾಲಿಗೆ ಏನೂ ಹೋಗಿರಲಿಲ್ಲವಲ್ಲ, ನಮಗಾಗಿ ಖುಷಿಯಲ್ಲೇ ಬಂದಿದ್ದಳು.

ಇನಾಸ ಮೊದಲ ಸಾಲು ಎತ್ತಿದ್ದೇ ತಡ, ನಿಂಬೆಯ ವಾಸನೆ ಗಪ್ಪಂತ ಎದ್ದಿತು. ಜನ ಹೋ ಅಂದರು. ಹಾಲಿಗೆ ಹಾಲೇ ಜೊತೆಗೆ ಹಾಡತೊಡಗಿತು. ಅಷ್ಟು ಜನ ನಿಮ್ಮ ಹಾಡನ್ನು ನಿಮ್ಮ ಮುಖಕ್ಕೆ ಹಾಡಿದರೆ ಹೇಗಿರುತ್ತದೆ ಅಂತ ಹೇಗೆ ಹೇಳಲಿ? ಇನಾಸ ಮೂವತ್ತು ವರ್ಷ ಹಿಂದಿನ ಇನಾಸನಾಗಿಬಿಟ್ಟ. ನನ್ನ ಬೆರಳಿಗೂ ಹರೆಯ ಬಂತು. ಮೊದಲನೆಯ ನುಡಿ, ಎರಡನೆಯ ನುಡಿ, ಮೂರನೆಯದರ ಎರಡು ಸಾಲು ಮುಗಿದು ಮುಂದಕ್ಕೆ ಹೋದ ಮೇಲೆ ನಾನು ಇನಾಸನ ಕಡೆ ನೋಡಿದೆ. ಆತನೂ ನನ್ನ ಕಡೆ ನೋಡುತ್ತಿದ್ದ. ನಾವು ನಿಂತಿರಲಿಲ್ಲ. ಎಲ್ಲಿ ನಿಲ್ಲಬೇಕಿತ್ತೋ ಅದು ಬಂದದ್ದೂ ಗೊತ್ತಾಗಿರಲಿಲ್ಲ, ಹೋದದ್ದೂ ಗೊತ್ತಾಗಿರಲಿಲ್ಲ. ಜುಲೇಖಾ ಕಣ್ಣು ತೆರೆದಿದ್ದಳು. ಬಸ್ಸು ನಿಲ್ಲದೆ ಹೋದಾಗ ನಿಲ್ದಾಣದಲ್ಲಿ ನಿಂತವರು ನೋಡುತ್ತಾರಲ್ಲ, ಹಾಗೆ ನೋಡುತ್ತಿದ್ದಳು. ಹಾಡು ಮುಗಿದು ಜನ ಇನ್ನೊಮ್ಮೆ ಇನ್ನೊಮ್ಮೆ ಅಂತ ಕೂಗುವಾಗ ಆ ಕುರ್ಚಿ ಖಾಲಿಯಿತ್ತು.

ಮರುದಿನ ಬೆಳಗಾಗುತ್ತಲೇ ಇನಾಸ ಬಂದು ನನ್ನನ್ನು ಎಬ್ಬಿಸಿದ. ಹಲ್ಲುಜ್ಜಲೂ ಬಿಡಲಿಲ್ಲ. "ಗದ್ದಲದಾಗ ತಪ್ಪಿತು, ಅಷ್ಟ. ಆಕಿ ಮನ್ಯಾಗ ಕುಂತು ಬಾರಸೂಣು, ಬರ್ತೈತಿ" ಅನ್ನುತ್ತಲೇ ಇದ್ದ, ದಾರಿಯುದ್ದಕ್ಕೂ. ಜುಲೇಖಾ ಅಂಗಡಿ ತೆಗೆದಿರಲಿಲ್ಲ. ನಮ್ಮನ್ನು ನೋಡಿ ಚಾಪೆ ಹಾಸಿದಳು.

ಬಾರಿಸಿದೆವು. ಎರಡನೆಯ ನುಡಿ ಮುಗಿಯಿತು, ಬೆರಳು ಮುಂದೆ ಓಡಿತು. ಮತ್ತೆ ಮೊದಲಿನಿಂದ ಬಾರಿಸಿದೆವು, ಮತ್ತೆ ಓಡಿತು. ಇನಾಸ ತನ್ನ ಎಡಗೈಯನ್ನು ಬಲಗೈಯಿಂದ ಹೊಡೆದ. "ನಾ ಎಣಸ್ತೀನಿ ತಡಿ," ಅಂದ. ಎರಡನೆಯದು ಮುಗಿದ ಕೂಡಲೇ ಕೈ ಎತ್ತಿ, ತಲೆ ಅಲ್ಲಾಡಿಸಿ, ಇಷ್ಟೊತ್ತು ಅಂತ ಲೆಕ್ಕ ಹಿಡಿದು ಕೈ ಇಳಿಸಿದ. ನಾನು ಅಷ್ಟೇ ಹೊತ್ತು ನಿಂತೆ. ಒಂದು ಉಸಿರು, ಸರಿಯಾಗಿ ಮೊದಲಿನಷ್ಟೇ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಆದರೆ ನಾವು ಯಾರನ್ನೂ ಕಾಯುತ್ತಿರಲಿಲ್ಲ. ಸುಮ್ಮನೆ ನಿಂತಿದ್ದೆವು. ಅದು ನನಗೆ ಗೊತ್ತಾಯಿತು, ಇನಾಸನಿಗೆ ಗೊತ್ತಾಯಿತು, ಆಕೆಗೆ ಎಲ್ಲರಿಗಿಂತ ಮೊದಲು ಗೊತ್ತಾಯಿತು. ಕೋಣೆಯ ತುಂಬ ಒಗೆದ ಬಟ್ಟೆಯ ವಾಸನೆ.

"ಇನ್ನೊಂದ ಸಲ ತಂಗಿ," ಅಂದ ಇನಾಸ. "ಇನ್ನೊಂದ ಸಲ ಬಾರಸ್ತೀವಿ, ಕುಂದ್ರು."

"ಸಾಕು ಬಿಡ್ರಿ ಅಣ್ಣಾ," ಅಂದಳು ಜುಲೇಖಾ. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. "ಅಂವ ಇನ್ನ ಬರಂಗಿಲ್ಲ."

ಹಾಗಂದವಳು ಎದೆಯ ಮೇಲೆ ಕೈಯಿಟ್ಟುಕೊಂಡಳು. ಒಂದು ಸಣ್ಣ ಸದ್ದು ಹೊರಟಿತು, ಆಮೇಲೆ ದೊಡ್ಡದು. ಹದಿನೆಂಟು ವರ್ಷದ ಹಿಂದೆ ಅಳಬೇಕಾಗಿದ್ದ ಅಳು ಅದು. ನೆಲಕ್ಕೆ ಕೂತು, ಗೋಡೆಗೆ ಹಣೆ ಹಚ್ಚಿ, ಆತನ ಹೆಸರು ಹಿಡಿದು ಕರೆದು ಅತ್ತಳು. ಇನಾಸನ ಗಿಟಾರು ತೊಡೆಯಿಂದ ಜಾರಿ ಬಿತ್ತು, ಆತ ಎತ್ತಿಕೊಳ್ಳಲಿಲ್ಲ. ಅಳುವಿನ ಸದ್ದಿಗೆ ಓಣಿಯ ಜನ ಓಡಿ ಬಂದರು. ಹೆಂಗಸರು ಬಾಗಿಲಲ್ಲೇ ಗಾಬರಿಯಾಗಿ ನಿಂತು, "ಯಾರ್ ಹೋದ್ರು? ಏನಾತ್ರಿ, ಯಾರ್ ಹೋದ್ರು?" ಅಂತ ಕೇಳಿದರು.

ಇನಾಸ ತಲೆ ಎತ್ತಿದ. "ನಮ್ಮ ಮುನೀರ ಹೋದ," ಅಂದ.

ಬಂದವರು ಚಪ್ಪಲಿ ಹೊರಗೆ ಬಿಟ್ಟು, ಒಬ್ಬೊಬ್ಬರಾಗಿ ಒಳಗೆ ಬಂದು ಆಕೆಯ ಸುತ್ತ ಕೂತರು.